ಟೂರ್ ದ ಫ್ರಾನ್ಸ್ ನೋಡೋಕೆ ಟಿಕೆಟ್ ಬೇಕಾ? ಒಂದೇ ದಿನ ಇದ್ದರೆ ಎಲ್ಲಿ ನಿಲ್ಲಬೇಕು?

ಜುಲೈನಲ್ಲಿ ಫ್ರಾನ್ಸ್ ಪ್ರವಾಸ, ಜೊತೆಗೆ ಎಂಟು ವರ್ಷದ ಮಗಳು, ಟೂರ್ ದ ಫ್ರಾನ್ಸ್ ಸೈಕಲ್ ರೇಸಿಗೆ ಕೊಡಬಹುದಾದದ್ದು ಒಂದೇ ದಿನ ಅಂತ ಕೇಳಿದ್ದೀರಿ. ಅದಕ್ಕೆ ತಕ್ಕಂತೆ ಹೇಳುತ್ತೇನೆ.

ಟಿಕೆಟ್ ಬೇಡ. ರೇಸ್ ಹಾದುಹೋಗುವ ರಸ್ತೆಯ ಬದಿಯಲ್ಲಿ ಯಾರು ಬೇಕಾದರೂ ಪುಕ್ಕಟೆ ನಿಲ್ಲಬಹುದು. ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ಮಾರುವುದು ವಿಐಪಿ ಪ್ಯಾಕೇಜ್: ಅಂತಿಮ ಗೆರೆಯ ಹತ್ತಿರ ಆಸನ, ಊಟ, ಪಾನೀಯ. ಅದಿಲ್ಲದಿದ್ದರೆ ಏನೂ ತಪ್ಪಿಹೋಗುವುದಿಲ್ಲ. ಈ ರೇಸಿಗೆ ಸುರಿಯಬೇಕಾದ್ದು ದುಡ್ಡಲ್ಲ, ಹೊತ್ತು. ಜಂಬೂ ಸವಾರಿಗೆ ಬೆಳಿಗ್ಗೆಯೇ ಹೋಗಿ ಜಾಗ ಹಿಡಿದು ಕೂತ ಅಭ್ಯಾಸ ಇದ್ದವರಿಗೆ ಇದೇನೂ ಹೊಸದಲ್ಲ.

ಮೊದಲು ಯಾವ ದಿನ ಅನ್ನುವುದು ತೀರ್ಮಾನವಾಗಲಿ. ರೇಸಿನಲ್ಲಿ ದಿನಕ್ಕೊಂದರಂತೆ 21 ಸ್ಟೇಜ್‌ಗಳಿರುತ್ತವೆ (ಸ್ಟೇಜ್ ಅಂದರೆ ಒಂದು ದಿನದ ಹಂತ), ನಡುವೆ ಎರಡು ದಿನ ವಿಶ್ರಾಂತಿ. ಮಾರ್ಗವನ್ನು ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಪ್ರಕಟಿಸುತ್ತಾರೆ. ಬಯಲು ಸೀಮೆಯ ಸ್ಟೇಜಿಗಾಗಿ ದೂರ ಹೋಗಬೇಡಿ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಒತ್ತೊತ್ತಾಗಿ ಬರುವ 200 ಮೀಟರ್ ಉದ್ದದ ಗುಂಪು ನಿಮ್ಮೆದುರು ಹದಿನೈದು ಸೆಕೆಂಡೂ ಇರುವುದಿಲ್ಲ. ಉಳಿದುಕೊಂಡ ಊರಿನ ಮೂಲಕವೇ ರೇಸ್ ಹಾದುಹೋದರೆ ಮಾತ್ರ ಹೊರಗೆ ಬಂದು ನೋಡಿ.

ಕಡಿದಾದ ಬೆಟ್ಟದ ಮೇಲೆ ವೇಗ ಗಂಟೆಗೆ 20 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಗುಂಪು ಒಡೆಯುತ್ತದೆ. ಮೊದಲಿಗನಿಂದ ಕೊನೆಯವರವರೆಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ನೋಡಲು ಸಿಗುತ್ತದೆ. ಇನ್ನೊಂದು ಆಯ್ಕೆ ವೈಯಕ್ತಿಕ ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ, ಈವರೆಗಿನ ಒಟ್ಟು ಸಮಯದ ಪಟ್ಟಿಯಲ್ಲಿ ಹಿಂದಿರುವವರು ಮೊದಲು, ಮೊದಲ ಸ್ಥಾನದಲ್ಲಿರುವ ಹಳದಿ ಜೆರ್ಸಿಯವರು ಕೊನೆಗೆ. ಮೂರು ನಾಲ್ಕು ಗಂಟೆ ನಡೆಯುವ ಕಾರಣ ನಡುವೆ ಎದ್ದು ಹೋಗಿ ಐಸ್‌ಕ್ರೀಮ್ ತಿಂದು ಬಂದರೂ ನಷ್ಟವಿಲ್ಲ. ಆರಂಭದ ಊರಿನಲ್ಲಿ ತಂಡದ ಬಸ್ಸುಗಳ ಪಕ್ಕ ನಿಂತಲ್ಲೇ ಪೆಡಲ್ ತುಳಿಯುವ ರೋಲರ್ ಮೇಲೆ ವಾರ್ಮ್ ಅಪ್ ಮಾಡುವ ಸವಾರರನ್ನು ತೀರಾ ಹತ್ತಿರದಿಂದ ನೋಡಬಹುದು. ಚಿಕ್ಕ ಮಗು ಇದೆ ಅಂದಮೇಲೆ, ನಿಮ್ಮ ದಿನಾಂಕಕ್ಕೆ ಟೈಮ್ ಟ್ರಯಲ್ ಹೊಂದಿಕೊಂಡರೆ ಬೇರೇನೂ ಯೋಚಿಸದೆ ಅದನ್ನೇ ಹಿಡಿಯಿರಿ ಅನ್ನುತ್ತೇನೆ.

ಬೆಟ್ಟವೇ ಬೇಕು ಅಂದರೆ ಎಲ್ಲರೂ ಮಾಡುವ ಎಡವಟ್ಟು ಒಂದಿದೆ: ತುದಿಗೆ ಹೋಗಿ ನಿಲ್ಲುವುದು. ಅಂತಿಮ ಗೆರೆಯ ಹತ್ತಿರದ ಕಿಲೋಮೀಟರ್‌ಗಳಿಗೆ ಕಬ್ಬಿಣದ ಬ್ಯಾರಿಕೇಡ್ ಇರುತ್ತದೆ, ಅದಕ್ಕೆ ಒರಗಿದವರ ಹಿಂದೆ ಐದಾರು ಸಾಲು ಜನ. ಮಗುವಿಗೆ ಕಾಣುವುದು ಮುಂದಿದ್ದವರ ಬೆನ್ನು ಮಾತ್ರ. ರೇಸ್ ಮುಗಿದ ಮೇಲೆ ಮೇಲಿರುವ ಅಷ್ಟೂ ಕಾರು, ಕ್ಯಾಂಪರ್ ವ್ಯಾನ್, ತಂಡದ ವಾಹನಗಳು ಇಳಿಯುವುದು ಹೆಚ್ಚುಕಡಿಮೆ ಅದೇ ರಸ್ತೆಯಲ್ಲಿ. ಅಲ್ಲಿ ಸಿಕ್ಕಿಕೊಂಡರೆ ಹೋಟೆಲ್ ಸೇರುವಾಗ ನಡುರಾತ್ರಿ.

ಉದಾಹರಣೆಗೆ ಆಲ್ಪ್ಸ್‌ನ ಆಲ್ಪ್ ದುಯೇಜ್ ತೆಗೆದುಕೊಳ್ಳಿ. ಪ್ರತಿ ವರ್ಷದ ಮಾರ್ಗದಲ್ಲಿ ಇದು ಇರುವುದಿಲ್ಲ, ಆದರೆ ಇದ್ದರೆ ತಲುಪಲು ಅನುಕೂಲದ ಬೆಟ್ಟ. ಪ್ಯಾರಿಸ್‌ನಿಂದ ಗ್ರೆನೋಬಲ್‌ಗೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಸುಮಾರು 3 ಗಂಟೆ, ಅಲ್ಲಿಂದ ಕಣಿವೆಯ ಊರು ಬೂರ್ ದ್ವಾಜಾಂಗೆ 50 ಕಿ.ಮೀ. ಏರು 13.8 ಕಿ.ಮೀ. ಉದ್ದ, ಸರಾಸರಿ ಶೇ. 8ರಷ್ಟು ಕಡಿದು, 21 ಹೇರ್‌ಪಿನ್ ತಿರುವುಗಳು. ನಂಬರ್ ಮೇಲಿಂದ ಕೆಳಕ್ಕೆ ಎಣಿಸಿದ್ದು: ಬುಡದಲ್ಲಿ 21, ತುದಿಯಲ್ಲಿ 1. ಎಲ್ಲರ ಬಾಯಲ್ಲೂ ಇರುವುದು 7ನೇ ತಿರುವು, ಅದು ಡಚ್ಚರ ಅಡ್ಡೆ: ಕಿತ್ತಳೆ ಬಣ್ಣ, ಬಿಯರ್, ಕಿವಿಗಡಚಿಕ್ಕುವ ಹಾಡು. ಗೆಳೆಯರ ಗುಂಪಾದರೆ ಹೋಗಿ, ಮಗುವಿದ್ದರೆ ಬೇಡ. ನೀವು ನಿಲ್ಲಬೇಕಾದ್ದು ಬುಡದ ಮೂರು ಕಿಲೋಮೀಟರಿನಲ್ಲಿ, 21ನೇ ತಿರುವಿನಿಂದ ಲಾ ಗಾರ್ಡ್ ಹಳ್ಳಿಯವರೆಗೆ. ಇಡೀ ಏರಿನ ಅತಿ ಕಡಿದಾದ ಭಾಗಗಳಲ್ಲಿ ಇದೂ ಒಂದು, ಗುಂಪು ಸಿಡಿಯುವುದು ಹೆಚ್ಚಾಗಿ ಇಲ್ಲೇ. ಊರಿನಿಂದ ನಡೆದೇ ಹೋಗಬಹುದು, ಮುಗಿದ ಮೇಲೆ ಟ್ರಾಫಿಕ್ ಜಾಮ್ ಪಕ್ಕದಲ್ಲೇ ನಡೆದು ಇಳಿದುಬಿಡಬಹುದು. ತಿರುವಿನ ಸ್ವಲ್ಪ ಮೇಲೆ, ಬದಿಯ ದಿಬ್ಬದ ಮೇಲೆ ಜಾಗ ಸಿಕ್ಕರೆ ಕೆಳಗಿನ ರಸ್ತೆಯಲ್ಲಿ ಒಮ್ಮೆ, ಕಾಲಬುಡದಲ್ಲಿ ಒಮ್ಮೆ, ಒಬ್ಬನೇ ಸವಾರ ಎರಡು ಸಲ ಕಾಣುತ್ತಾನೆ. ಇಳಿಜಾರಿನ ತಿರುವಿನ ಹೊರಬದಿಯಲ್ಲಿ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ, ಹಿಡಿತ ತಪ್ಪಿದ ಸೈಕಲ್ ಬರುವುದು ಆ ಕಡೆಗೇ.

ಬೆಟ್ಟದ ರಸ್ತೆಯನ್ನು ಕಾರುಗಳಿಗೆ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಎಂಬುದು ಸ್ಥಳೀಯ ಆಡಳಿತದ ಆದೇಶ. ಕೆಲವು ಕಡೆ ಬೆಳಿಗ್ಗೆ, ಕೆಲವು ಕಡೆ ಹಿಂದಿನ ದಿನವೇ. ಹಿಂದಿನ ರಾತ್ರಿ ಕಣಿವೆಯಲ್ಲೇ ಉಳಿಯುವುದು ಕ್ಷೇಮ. ಅದಕ್ಕೆ ಅಕ್ಟೋಬರ್‌ನಲ್ಲೇ, ರದ್ದು ಮಾಡಬಹುದಾದ ರೂಮ್ ಬುಕ್ ಮಾಡಿ. ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಆ ಬುಕಿಂಗ್ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಕಾರು ಇದ್ದರೆ ಒಂದು ಸೂಕ್ಷ್ಮ ಗಮನಿಸಿ: ರೇಸ್ ದಿನ ಆ ಮಾರ್ಗ ಅಡ್ಡಗೋಡೆ ಇದ್ದಂತೆ, ಗಂಟೆಗಟ್ಟಲೆ ವಾಹನ ದಾಟಿಸಲು ಬಿಡುವುದಿಲ್ಲ. ಸಂಜೆ ಹೋಗಬೇಕಾದ ಊರು ಗೋಡೆಯ ಯಾವ ಬದಿಗಿದೆಯೋ ಅದೇ ಬದಿಯಲ್ಲಿ, ಮೂತಿ ಹೊರಕ್ಕೆ ಮಾಡಿ ನಿಲ್ಲಿಸಿ. ಬಸ್ಸನ್ನು ಆ ದಿನ ನಂಬಬೇಡಿ.

ಸಮಯ ತಿಳಿಯಲು ಅಧಿಕೃತ ವೆಬ್‌ಸೈಟಿನಲ್ಲಿ ಪ್ರತಿ ಸ್ಟೇಜಿನ ವೇಳಾಪಟ್ಟಿ ಇರುತ್ತದೆ. ಪ್ರತಿ ಊರಿನ ಮುಂದೆ ಕ್ಯಾರವಾನ್ ಎಂಬ ಮೆರವಣಿಗೆ ಬರುವ ಹೊತ್ತು, ಆಮೇಲೆ ಮೂರು ಬೇರೆ ಬೇರೆ ಸರಾಸರಿ ವೇಗಕ್ಕೆ ರೇಸ್ ಬರುವ ಹೊತ್ತು. ಮೂರೂ ಅಂದಾಜೇ. 150ನೇ ಕಿ.ಮೀ.ಗೆ ಬರುವಾಗ 40ರ ವೇಗಕ್ಕೂ 44ರ ವೇಗಕ್ಕೂ ಇಪ್ಪತ್ತು ನಿಮಿಷದ ವ್ಯತ್ಯಾಸ. ಅತಿ ವೇಗದ ಕಾಲಂ ನಂಬಿ ಸಿದ್ಧರಾಗಿರಿ. ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮ್ಯಾಪನ್ನೂ ಡೌನ್‌ಲೋಡ್ ಮಾಡಿ. ಅಷ್ಟು ಜನ ಸೇರಿದಾಗ ಬೆಟ್ಟದ ಮೇಲೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ.

ಸವಾರರಿಗಿಂತ ಸುಮಾರು ಎರಡು ಗಂಟೆ ಮೊದಲು ಬರುವ ಜಾಹೀರಾತು ವಾಹನಗಳ ಮೆರವಣಿಗೆಯೇ ಆ ಕ್ಯಾರವಾನ್. 1930ರಿಂದ ನಡೆದುಬಂದಿದೆ. ಮಗಳಿಗೆ ಬಹುಶಃ ರೇಸಿಗಿಂತ ಇದೇ ಹೆಚ್ಚು ಇಷ್ಟವಾಗುತ್ತದೆ: ಟೋಪಿ, ಕೀಚೈನ್, ಮಿಠಾಯಿ ಎಸೆಯುತ್ತಾ ಹೋಗುತ್ತಾರೆ. ಬಿದ್ದದ್ದನ್ನು ಹೆಕ್ಕಲು ಮಕ್ಕಳು ರಸ್ತೆಗೆ ಓಡದಂತೆ ಕೈ ಹಿಡಿದೇ ಇರಿ, ಈ ವಾಹನಗಳಿಗೆ ಸಿಕ್ಕು ಮಕ್ಕಳು ಸತ್ತದ್ದೂ ಉಂಟು. ಸಸ್ಯಾಹಾರಿಗಳಾದರೆ ಇನ್ನೊಂದು ಎಚ್ಚರ. ಕೊಶೊನೂ ಎಂಬ ಕಂಪನಿಯವರು ಎಸೆಯುವ ಪುಟ್ಟ ಪ್ಯಾಕೆಟ್ ಒಣಗಿಸಿದ ಹಂದಿಮಾಂಸದ್ದು, ಹಾರಿಬೋ ಮಿಠಾಯಿಯಲ್ಲಿ ಹೆಚ್ಚಿನವುಗಳಲ್ಲಿ ಜೆಲಾಟಿನ್ ಇರುತ್ತದೆ.

ಊಟ ನೀವೇ ಒಯ್ಯಬೇಕು. ತಲೆಗೆ ಎರಡು ಲೀಟರ್ ನೀರು, ಬ್ರೆಡ್, ಹಣ್ಣು, ಊರಿಂದ ತಂದ ಚಕ್ಕುಲಿ. ಧಾರವಾಡ ಪೇಡ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ಹೊರಗಿನಿಂದ ಹಾಲಿನ ಉತ್ಪನ್ನವನ್ನು ಯುರೋಪಿಯನ್ ಒಕ್ಕೂಟದೊಳಗೆ ತರಲು ಪ್ರಯಾಣಿಕರಿಗೆ ಅನುಮತಿಯಿಲ್ಲ. ಟೋಪಿ, ಸನ್‌ಸ್ಕ್ರೀನ್ ಜೊತೆಗೆ ಸ್ವೆಟರ್, ರೇನ್‌ಕೋಟ್ ಇರಲಿ. ಆಲ್ಪ್ಸ್‌ನಲ್ಲಿ ಮಧ್ಯಾಹ್ನದ ಬಿಸಿಲು ಸಂಜೆಗೆ ಆಲಿಕಲ್ಲು ಮಳೆಯಾಗಬಹುದು. 2019ರಲ್ಲಿ ಆಲಿಕಲ್ಲು, ಭೂಕುಸಿತದಿಂದ ಒಂದು ಸ್ಟೇಜನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಶೌಚಾಲಯ ದುರ್ಲಭ, ಹಳ್ಳಿ ದಾಟುವ ಮುಂಚೆ ಮುಗಿಸಿಕೊಳ್ಳಿ.

ರೇಸ್ ಬಂದದ್ದು ಮೊದಲು ತಿಳಿಯುವುದು ಆಕಾಶದಿಂದ. ಕಣಿವೆಯ ಮೇಲೆ ಟಿವಿ ಹೆಲಿಕಾಪ್ಟರ್‌ಗಳು ನಿಧಾನಕ್ಕೆ ಹತ್ತಿರವಾಗುತ್ತವೆ. ಆಮೇಲೆ ಪೊಲೀಸ್ ಬೈಕುಗಳು, ಕೆಂಪು ಕಾರು, ಅದರ ಹಿಂದೆ ಮುಂದೋಡಿದವರು. ಈ ಕಡಿದಿನಲ್ಲಿ ಅವರು ಒಂದು ಮೊಳದ ದೂರದಲ್ಲಿ ಹೋಗುವಾಗ ಜೆರ್ಸಿಯ ಜಿಪ್ ಹೊಟ್ಟೆಯವರೆಗೆ ತೆರೆದಿರುವುದು, ಗಲ್ಲದಿಂದ ಬೆವರು ಸೈಕಲ್ಲಿನ ಟ್ಯೂಬಿನ ಮೇಲೆ ತೊಟ್ಟಿಕ್ಕುವುದು, ಏದುಸಿರು, ಎಲ್ಲ ಗೊತ್ತಾಗುತ್ತದೆ. ಫೋನ್ ಜೇಬಿನಲ್ಲಿರಲಿ. 2021ರ ಮೊದಲ ಸ್ಟೇಜಿನಲ್ಲಿ ಪ್ರೇಕ್ಷಕಿಯೊಬ್ಬರು ಬರುವ ಸವಾರರ ಕಡೆ ನೋಡದೆ ಕ್ಯಾಮೆರಾಗೆ ರಟ್ಟಿನ ಫಲಕ ಹಿಡಿದದ್ದರಿಂದಲೇ ಅರ್ಧ ಗುಂಪು ಉರುಳಿಬಿತ್ತು. 2018ರಲ್ಲಿ ಇದೇ ಆಲ್ಪ್ ದುಯೇಜ್ ಮೇಲೆ ಜನಸಂದಣಿಯಲ್ಲಿ ಬಿದ್ದ ಇಟಲಿಯ ಸವಾರ ವಿನ್ಚೆಂಜೊ ನಿಬಾಲಿ ಬೆನ್ನುಮೂಳೆ ಮುರಿದುಕೊಂಡು ರೇಸನ್ನೇ ಬಿಡಬೇಕಾಯಿತು. ಪಕ್ಕದಲ್ಲಿ ಓಡುವುದು, ಬೆನ್ನು ತಳ್ಳುವುದು, ನೀರು ಎರಚುವುದು ಬೇಡ.

ಹೆಸರಾಂತರು ಹೋದ ಕೂಡಲೇ ಅರ್ಧ ಜನ ಎದ್ದು ಹೊರಡುತ್ತಾರೆ, ನೀವು ಕೂತಿರಿ. ಹಿಂದೆ ಸ್ಪ್ರಿಂಟರ್‌ಗಳೆಲ್ಲ, ಅಂದರೆ ಬಯಲಿನಲ್ಲಿ ವೇಗ, ಬೆಟ್ಟದಲ್ಲಿ ನಿಧಾನವಾದವರು, ಒಟ್ಟುಗೂಡಿ ಬರುತ್ತಿರುತ್ತಾರೆ. ಗೆದ್ದವನ ಸಮಯಕ್ಕೆ ಶೇಕಡಾ ಇಂತಿಷ್ಟು ಎಂಬ ಗಡುವಿನೊಳಗೆ ತಲುಪದಿದ್ದರೆ ಮರುದಿನ ಓಡಿಸುವಂತಿಲ್ಲ. ಆತುರವಿದ್ದರೂ ಇವರು ಚಪ್ಪಾಳೆಗೆ ನಗುತ್ತಾರೆ, ಖಾಲಿ ಬಾಟಲಿ ಮಕ್ಕಳ ಕೈಗೆ ಸಿಗುವುದೂ ಹೆಚ್ಚಾಗಿ ಇವರಿಂದಲೇ. ರೇಸ್ ಮುಗಿಯಿತೆಂದು ಬರೆದ ಕೊನೆಯ ವಾಹನ ದಾಟಿ, ಪೊಲೀಸರು ಕೈಬೀಸಿದ ಮೇಲೆಯೇ ರಸ್ತೆಗೆ ಇಳಿಯಿರಿ.

ಬೆಟ್ಟವೂ ಟೈಮ್ ಟ್ರಯಲ್ಲೂ ಹೊಂದದಿದ್ದರೆ ಪ್ಯಾರಿಸ್‌ನ ಕೊನೆಯ ದಿನ ಇದೆ. ಅಲ್ಲಿ ಸುತ್ತು ಸುತ್ತಾಗಿ ಓಡಿಸುವ ಕಾರಣ ಒಂದೇ ಜಾಗದಲ್ಲಿ ಹಲವು ಸಲ ಕಾಣುತ್ತಾರೆ, ಮೆಟ್ರೋದಲ್ಲಿ ಮನೆಗೆ ಹೋಗಬಹುದು. ನಿಮ್ಮ ಪ್ರವಾಸ ಆಗಸ್ಟ್ ಮೊದಲ ವಾರಕ್ಕೆ ಜಾರುವಂತಿದ್ದರೆ 2022ರಿಂದ ನಡೆಯುತ್ತಿರುವ ಮಹಿಳೆಯರ ಟೂರ್ ನೋಡಿ. ಜನ ಕಡಿಮೆ, ಮುಂದಿನ ಸಾಲು ಸುಲಭ, ಪೈಪೋಟಿ ಕಡಿಮೆಯೇನಲ್ಲ: 2024ರಲ್ಲಿ ಆಲ್ಪ್ ದುಯೇಜ್ ತುದಿಯಲ್ಲಿ ಮುಗಿದ ಆ ರೇಸನ್ನು ಪೋಲೆಂಡಿನ ಕಾಶಾ ನಿಯೆವಿಯಾದೋಮಾ ಗೆದ್ದದ್ದು 4 ಸೆಕೆಂಡಿನಿಂದ.