ದನದ ಇಂಜೆಕ್ಷನ್ನೂ ರಣಹದ್ದೂ

ಪ್ರಶ್ನೆ: ಹಿಂದೆ ಸತ್ತ ದನವನ್ನು ಕಾಡಂಚಿಗೆ ಎಳೆದು ಹಾಕಿದರೆ ರಣಹದ್ದುಗಳು ಇಳಿದು ಮೂಳೆ ಮಾತ್ರ ಉಳಿಸುತ್ತಿದ್ದವಂತೆ. ಈಗ ಒಂದೂ ಕಾಣುವುದಿಲ್ಲ. ದನಕ್ಕೆ ಕೊಡುವ ನೋವಿನ ಇಂಜೆಕ್ಷನ್ ಇದಕ್ಕೆ ಕಾರಣವೇ? ನಮ್ಮ ಕೊಟ್ಟಿಗೆಯಲ್ಲಿ ಎರಡು ಜರ್ಸಿ, ಮೂರು ಮಲೆನಾಡು ಗಿಡ್ಡ ಇವೆ. ನಾವೇನು ಎಚ್ಚರ ವಹಿಸಬೇಕು?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮುಖ್ಯ ಕಾರಣ ಅದೇ. ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧ ಅದರ ಮೈಯಲ್ಲೇ ಉಳಿದಿರುತ್ತದೆ. ಆ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಯೂರಿಕ್ ಆಮ್ಲ ಹೊರಹೋಗದೆ ಹೃದಯ, ಪಿತ್ತಜನಕಾಂಗದ ಸುತ್ತಮುತ್ತ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಕೆಲವೇ ದಿನದಲ್ಲಿ ಹಕ್ಕಿ ಸಾಯುತ್ತದೆ. ಒಂದು ಹೆಣಕ್ಕೆ ಹತ್ತಾರು ಹದ್ದು ಮುಗಿಬೀಳುವುದರಿಂದ ನೂರರಲ್ಲಿ ಒಂದು ಹೆಣಕ್ಕಿಂತ ಕಡಿಮೆ ವಿಷವಾದರೂ ಸಂತತಿ ಕುಸಿಯುತ್ತದೆ. ಜೋಡಿಯೊಂದು ವರ್ಷಕ್ಕಿಡುವುದು ಒಂದೇ ಮೊಟ್ಟೆ. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇ. 99ಕ್ಕೂ ಹೆಚ್ಚು ಕಡಿಮೆಯಾಯಿತು. ಹೋದದ್ದು ಅಷ್ಟು ಬೇಗ ತುಂಬಿಬರುವಂಥದ್ದಲ್ಲ.

ಜಾನುವಾರುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆದರೂ ಮನುಷ್ಯರ ದೊಡ್ಡ ಬಾಟಲಿಯನ್ನೇ ದನಕ್ಕೆ ಬಳಸುತ್ತಿದ್ದರು; ಹಾಗಾಗಿ 2015ರಲ್ಲಿ ಅದನ್ನು 3 ಮಿ.ಲೀ.ಗೆ ಇಳಿಸಿದರು. 2023ರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್ ಎಂಬ ನೋವಿನ ಔಷಧಗಳನ್ನೂ ಜಾನುವಾರುಗಳಿಗೆ ಕೊಡದಂತೆ ನಿಷೇಧಿಸಲಾಯಿತು. ಅಸೆಕ್ಲೊಫೆನಾಕ್ ದನದ ದೇಹದೊಳಗೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ನಿಮೆಸುಲೈಡ್ ಕೂಡ ರಣಹದ್ದಿಗೆ ವಿಷ.

ಕೆಚ್ಚಲು ಬಾವು, ಕಾಲುನೋವು, ಜ್ವರ ಬಂದಾಗ ಪಶುವೈದ್ಯರಲ್ಲಿ ಮೆಲಾಕ್ಸಿಕಾಂ ಅಥವಾ ಟೋಲ್ಫೆನಾಮಿಕ್ ಆಮ್ಲವನ್ನೇ ಕೇಳಿ. ರಣಹದ್ದಿನ ಮೇಲೆ ಪರೀಕ್ಷಿಸಿ ಸುರಕ್ಷಿತ ಎಂದು ಕಂಡ ಔಷಧಗಳಿವು. ಪ್ರಮಾಣ ದನದ ತೂಕ ನೋಡಿ ವೈದ್ಯರೇ ಹೇಳಲಿ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಮೋಸಹೋಗುವುದು ಇಲ್ಲೇ. ಹಳೆಯ ಖಾಲಿ ಬಾಟಲಿ ತೋರಿಸಿ ‘ಇದನ್ನೇ ಕೊಡಿ’ ಎನ್ನಬೇಡಿ.

ಚಿಕಿತ್ಸೆ ನಡೆದಿರುವಾಗಲೇ ದನ ಸತ್ತರೆ, ಯಾವ ಔಷಧ ಬಿದ್ದಿದೆಯೆಂದು ಖಚಿತವಿಲ್ಲದಿದ್ದರೆ, ಹೊರಗೆ ಹಾಕಲೇಬೇಡಿ. ಬಾವಿ, ಹಳ್ಳದಿಂದ ದೂರ, ಮಳೆಗಾಲದಲ್ಲಿ ನೀರು ನಿಲ್ಲದ ಎತ್ತರದ ಜಾಗದಲ್ಲಿ ಆರಡಿ ಗುಂಡಿ ತೋಡಿ. ಹೆಣದ ಕೆಳಗೂ ಮೇಲೂ ಸುಣ್ಣ ಹರಡಿ. ಮೇಲೆ ಮೂರಡಿಯಾದರೂ ಮಣ್ಣು ಬೀಳಬೇಕು. ಕಡಿಮೆಯಾದರೆ ಹಂದಿ, ನಾಯಿ ಕೆದಕಿ ಎಳೆಯುತ್ತವೆ.

ಇನ್ನೊಂದು ಮಾತು: ಚಿರತೆ ಹಿಡಿದ ಕರುವಿನ ಮೇಲೆ ಕೀಟನಾಶಕ ಸುರಿಯುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಹಾಗೆ ವಿಷವಿಟ್ಟ ಒಂದೇ ಹೆಣ ರಣಹದ್ದುಗಳ ಇಡೀ ಹಿಂಡನ್ನು ಕೊಲ್ಲಬಲ್ಲದು. ಕರು ಹೋದದ್ದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರವಿದೆ. ಹೆಣವನ್ನು ಕದಲಿಸದೆ ಕೂಡಲೇ ತಿಳಿಸಿ.