ಬೇಟೆ ಚಾಕುವಿಗೆ ಯಾವ ಉಕ್ಕು ಹಾಕಿಸಲಿ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಜಿಂಕೆ ಗಾತ್ರದ ಪ್ರಾಣಿಯ ಚರ್ಮ ಸುಲಿದು ಹಸಿಗೆ ಮಾಡಲು 4 ಇಂಚಿನ ಅಲಗಿರುವ ಚಾಕು ಮಾಡಿಸುತ್ತಿದ್ದೀರಿ. ಮಾಡಿಕೊಡುವವರು 52100, ಡಿ2, ಎಇಬಿ-ಎಲ್, ಎಸ್30ವಿ, ಮ್ಯಾಗ್ನಾಕಟ್ ಅಂತ ಐದು ಹೆಸರು ಮುಂದಿಟ್ಟು ‘ಆರಿಸಿಕೊಳ್ಳಿ’ ಅಂದಿದ್ದಾರೆ. ಮಸೆಯಲು ನಿಮ್ಮಲ್ಲಿರುವುದು ಮಾಮೂಲಿ ಎರಡು ಮುಖದ ಸಾಣೆಕಲ್ಲು. ಕೆಲಸ ಮುಗಿದ ಕೂಡಲೇ ಚಾಕು ತೊಳೆದಿಡುವ ಅಭ್ಯಾಸ ಇಲ್ಲ ಅಂತ ನೀವೇ ಒಪ್ಪಿಕೊಂಡಿದ್ದೀರಿ. ಐದರಲ್ಲಿ ಯಾವುದು ಬೆಸ್ಟ್ ಅನ್ನುವುದು ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎಇಬಿ-ಎಲ್, 60–61 ಎಚ್‌ಆರ್‌ಸಿ (ಗಡಸು ಅಳೆಯುವ ರಾಕ್‌ವೆಲ್ ಮಾಪಕ) ಗಡಸಿಗೆ ಹದ ಮಾಡಿದ್ದು, ಅಂದರೆ ಕಾಸಿ ತಣಿಸಿ ಗಟ್ಟಿ ಮಾಡಿದ್ದು. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕತೆ.

ನಾನು ಹೊಟ್ಟೆಪಾಡಿಗಲ್ಲ, ಹುಚ್ಚಿಗೆ ಚಾಕು ಮಾಡುವವನು. ಶುರುವಿನಲ್ಲಿ ನಾನೂ ಉಕ್ಕಿನ ಪಟ್ಟಿ ಹಿಡಿದುಕೊಂಡು ಯಾವುದರಲ್ಲಿ ಕಾರ್ಬನ್ ಎಷ್ಟು, ವೆನೇಡಿಯಂ ಅನ್ನುವ ಲೋಹ ಎಷ್ಟು ಅಂತ ರಾತ್ರಿಯೆಲ್ಲ ಹೋಲಿಸುತ್ತಿದ್ದೆ. ಈಗ ಯಾರಾದರೂ ಚಾಕು ಬೇಕು ಅಂತ ಬಂದರೆ ಮೊದಲು ಕೇಳುವುದು ಒಂದೇ: ‘ನಿಮ್ಮ ಚಾಕು ಹೇಗೆ ಕೆಟ್ಟರೆ ನಿಮಗೆ ತಡೆದುಕೊಳ್ಳಬಹುದು?’ ಎಂಥ ಅಲಗಾದರೂ ಕೆಡುತ್ತದೆ. ಸವೆದು ಮೊಂಡಾಗುತ್ತದೆ, ಇಲ್ಲವೇ ಬಾಯಿ (ಕೊಯ್ಯುವ ಅಂಚು) ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ, ಇಲ್ಲವೇ ತುಕ್ಕು ತಿನ್ನುತ್ತದೆ. ಒಂದನ್ನು ತಡೆಯಲು ಹೋದರೆ ಇನ್ನೊಂದಕ್ಕೆ ಬಾಗಿಲು ತೆರೆದಂತೆ. ಉಕ್ಕು ಆರಿಸುವುದು ಅಂದರೆ ಈ ನಾಲ್ಕರಲ್ಲಿ ಯಾವುದನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತೀರಿ ಅಂತ ತೀರ್ಮಾನ ಮಾಡುವುದು.

ಬೇಟೆ ಚಾಕುವನ್ನು ಮೊಂಡು ಮಾಡುವುದು ಮಾಂಸ ಅಲ್ಲ. ತುಪ್ಪಳ, ಅದರೊಳಗೆ ಸಿಕ್ಕಿಕೊಂಡ ಮಣ್ಣು ಮರಳು, ಮತ್ತೆ ಮೂಳೆ. ತುಪ್ಪಳದ ಮೇಲಿಂದ ಕೊಯ್ಯುವವನ ಚಾಕು ಅರ್ಧ ಪ್ರಾಣಿಗೇ ಸುಸ್ತಾಗುತ್ತದೆ. ಸಣ್ಣದೊಂದು ತೂತು ಮಾಡಿ, ಅಲಗನ್ನು ಬಾಯಿ ಮೇಲಾಗಿ ಚರ್ಮದಡಿ ತೂರಿಸಿ ಒಳಗಿನಿಂದ ಹೊರಕ್ಕೆ ಸೀಳಿದರೆ ಅದೇ ಚಾಕು ಪೂರ್ತಿ ಕೆಲಸ ಮುಗಿಸುತ್ತದೆ. ಈ ಅಭ್ಯಾಸ ಒಂದಿದ್ದರೆ ದುಬಾರಿ ಉಕ್ಕಿನಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ಪುಕ್ಕಟೆ ಸಿಕ್ಕಂತೆ. ಇನ್ನು ಕೀಲು ಬಿಡಿಸುವಾಗ ಎಲ್ಲರೂ ಮಾಡುವ ತಪ್ಪೆಂದರೆ ಅಲಗನ್ನು ಸಂದಿಗೆ ತುರುಕಿ ತಿರುಚುವುದು. ಸವೆತಕ್ಕೆ ಜಗ್ಗದ ಉಕ್ಕುಗಳಲ್ಲಿ ಹಲವು ಕೈಕೊಡುವುದು ಅಲ್ಲೇ.

ಕಾರಣ ಕಾರ್ಬೈಡ್. ಉಕ್ಕಿನಲ್ಲಿರುವ ಕಾರ್ಬನ್ನು ಕ್ರೋಮಿಯಂ, ವೆನೇಡಿಯಂ ಮುಂತಾದವುಗಳ ಜೊತೆ ಸೇರಿ ಆಗುವ ಗಟ್ಟಿ ಕಣಗಳು ಇವು. ಕಾಂಕ್ರೀಟಿನಲ್ಲಿ ಜಲ್ಲಿ ಇದ್ದ ಹಾಗೆ ಅಂದುಕೊಳ್ಳಿ. ಜಲ್ಲಿ ಹೆಚ್ಚಿದ್ದಷ್ಟೂ ಸವೆತ ಕಮ್ಮಿ. ಆದರೆ ದಪ್ಪ ಜಲ್ಲಿ ಹಾಕಿ ತೆಳ್ಳನೆಯ ಅಂಚು ಎಳೆದರೆ ಅಂಚು ಉದುರುತ್ತದೆ. ಡಿ2 ಕತೆ ಇದೇ. 1.5% ಕಾರ್ಬನ್, 12% ಕ್ರೋಮಿಯಂ, ಒಳಗೆ ದೊಡ್ಡ ದೊಡ್ಡ ಕ್ರೋಮಿಯಂ ಕಾರ್ಬೈಡ್. ಸವೆತ ತಡೆಯುತ್ತದೆ, ನಿಜ. ಬಾಯಿ ತೆಳ್ಳಗಿದ್ದರೆ ಚಕ್ಕೆ ಏಳುತ್ತದೆ. 12% ಕ್ರೋಮಿಯಂ ಇದೆಯಲ್ಲ, ಸ್ಟೇನ್‌ಲೆಸ್ ಇದ್ದ ಹಾಗೇ ಅಂತ ಮಾರುವವರ ಮಾತಿಗೆ ಮರುಳಾಗಬೇಡಿ. ಅದರಲ್ಲಿ ದೊಡ್ಡ ಪಾಲು ಕ್ರೋಮಿಯಂ ಕಾರ್ಬೈಡಿನೊಳಗೆ ಸೆರೆಯಾಗಿರುತ್ತದೆ, ತುಕ್ಕು ಕಾಯಲು ಉಳಿಯುವುದು ಸ್ವಲ್ಪ. ತೊಳೆಯದೆ ಇಡುವವರಿಗೆ ಡಿ2 ಬೇಡ.

ಎಸ್30ವಿ ಬೇರೆ ದಾರಿ ಹಿಡಿದ ಉಕ್ಕು. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುವಿಗೆಂದೇ ತಂದದ್ದು. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಪುಡಿಪುಡಿ ಮಾಡಿ, ಆ ಪುಡಿಯನ್ನು ಕಾಸಿ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. ಹಾಗಾಗಿ ಜಲ್ಲಿ ಸಣ್ಣದಾಗುತ್ತದೆ. ಆದರೆ ಅದರಲ್ಲಿ 4% ವೆನೇಡಿಯಂ ಇದೆ, ಮತ್ತು ವೆನೇಡಿಯಂ ಕಾರ್ಬೈಡ್ ನಿಮ್ಮ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ತನಗಿಂತ ಗಟ್ಟಿಯಾದದ್ದನ್ನು ಕಲ್ಲು ಹೇಗೆ ತೇಯ್ದೀತು? ಕಣದ ಸುತ್ತಲಿನ ಉಕ್ಕು ತೇಯುತ್ತದೆ, ಕಣ ಹಾಗೇ ನಿಲ್ಲುತ್ತದೆ. ಅರ್ಧ ಗಂಟೆ ಮಸೆದರೂ ‘ಹರಿತ ಬಂತು’ ಅನ್ನುವ ಹಂತ ಸುಲಭಕ್ಕೆ ಬರುವುದಿಲ್ಲ. ಡೈಮಂಡ್ ಪ್ಲೇಟ್ (ವಜ್ರದ ಪುಡಿ ಕೂರಿಸಿದ ಮಸೆಯುವ ಹಲಗೆ) ಕೊಳ್ಳುವುದಾದರೆ ಎಸ್30ವಿ ಒಳ್ಳೆಯ ಉಕ್ಕು. ಕೊಳ್ಳುವುದಿಲ್ಲ ಅಂದರೆ, ಒಂದೇ ಸಲ ಹರಿತವಿರುವ ಚಾಕುವಿಗೆ ದುಡ್ಡು ಕೊಟ್ಟಂತಾಯಿತು.

52100 ನನ್ನ ಮೆಚ್ಚಿನದು. ಬಾಲ್ ಬೇರಿಂಗ್ ಉಕ್ಕು, 1% ಕಾರ್ಬನ್, 1.5% ಕ್ರೋಮಿಯಂ. ಕಾರ್ಬೈಡ್ ತೀರಾ ಸಣ್ಣವು, ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಕೈ ಮೇಲಿನ ಕೂದಲು ಬೋಳಿಸುವ ಹರಿತ. ನನಗಾಗಿ ಮಾಡಿಕೊಂಡ ಮೊದಲ ಬೇಟೆ ಚಾಕು ಇದರದ್ದೇ. ಒಮ್ಮೆ ಕೆಲಸ ಮುಗಿಸಿ, ಪ್ಯಾಂಟಿಗೆ ಒರೆಸಿ, ಚರ್ಮದ ಒರೆಗೆ ತುರುಕಿ ಎರಡು ದಿನ ಮರೆತೆ. ತೆಗೆದು ನೋಡಿದರೆ ಕಿತ್ತಳೆ ಬಣ್ಣ. ಅಲಗಿನ ಮೇಲಿನ ಕಲೆ ಉಜ್ಜಿದರೆ ಹೋಯಿತು, ಅದರ ಚಿಂತೆ ಇಲ್ಲ. ಆದರೆ ಬಾಯಿಯ ಉದ್ದಕ್ಕೂ ಸಣ್ಣ ಸಣ್ಣ ಗುಂಡಿ ಬಿದ್ದಿತ್ತು. ಒಂದೂ ಕೊಯ್ತ ಕೊಯ್ಯದೆ ಒರೆಯೊಳಗೆ ಕೂತೇ ಚಾಕು ಮೊಂಡಾಗಿತ್ತು! ರಕ್ತದಲ್ಲಿ ಉಪ್ಪಿದೆ, ನೀರಿದೆ. ತುಕ್ಕಿಗೆ ಇನ್ನೇನು ಬೇಕು. ನಿಮ್ಮ ಅಭ್ಯಾಸ ಕೇಳಿದ ಮೇಲೆ ಇಷ್ಟದ ಉಕ್ಕಾದರೂ ನಿಮಗೆ ಹೇಳಲಾರೆ.

ಹಾಗೆ ಸೋಸುತ್ತ ಬಂದರೆ ಉಳಿಯುವುದು ಎರಡು. ಎಇಬಿ-ಎಲ್ ಸ್ವೀಡನ್ನಿನ ಉಡ್ಡೆಹೋಲ್ಮ್ ಕಂಪನಿ ಕ್ಷೌರದ ಬ್ಲೇಡಿಗಾಗಿ ಮಾಡಿದ ಉಕ್ಕು: ಸುಮಾರು 0.67% ಕಾರ್ಬನ್, 13% ಕ್ರೋಮಿಯಂ. ಅಳತೆ ಎಷ್ಟು ಹದವಾಗಿದೆಯೆಂದರೆ ದೊಡ್ಡ ಕಾರ್ಬೈಡ್ ಕಟ್ಟಿಕೊಳ್ಳುವುದೇ ಇಲ್ಲ, ಕ್ರೋಮಿಯಂ ತುಕ್ಕು ಕಾಯಲು ಬಿಡುವಾಗಿ ಉಳಿಯುತ್ತದೆ. ಮೂಳೆಗೆ ತಾಗಿದರೂ ಚಕ್ಕೆ ಏಳುವುದು ಅಪರೂಪ. ಮಾಮೂಲಿ ಕಲ್ಲಿನಲ್ಲಿ ಮಸೆಯಬಹುದು. ಸವೆತದಲ್ಲಿ ಎಸ್30ವಿಗಿಂತ ಹಿಂದೆ, ಅದೊಂದನ್ನು ನೀವು ಒಪ್ಪಿಕೊಳ್ಳಬೇಕು. ಬೇಗ ಮೊಂಡಾಗಿ ಬೇಗ ಹರಿತವಾಗುವುದು ನನ್ನ ಲೆಕ್ಕದಲ್ಲಿ ಕೆಡುವ ರೀತಿಗಳಲ್ಲೇ ಮರ್ಯಾದಸ್ಥ ರೀತಿ.

ಮ್ಯಾಗ್ನಾಕಟ್ ಲ್ಯಾರಿನ್ ಥಾಮಸ್ ಎಂಬ ಲೋಹವಿಜ್ಞಾನಿ ರೂಪಿಸಿ 2021ರಲ್ಲಿ ಬಂದದ್ದು. ಇದೂ ಪುಡಿಯಿಂದ ಮಾಡುವ ಉಕ್ಕೇ. ಅದರಲ್ಲಿರುವ ಕ್ರೋಮಿಯಂ ಬರೀ 10.7%, ಡಿ2ಗಿಂತಲೂ ಕಮ್ಮಿ, ಆದರೂ ತುಕ್ಕಿಗೆ ಹೆಚ್ಚು ಗಟ್ಟಿ. ಹದ ಮಾಡಿದ ಮೇಲೆ ಕ್ರೋಮಿಯಂ ಕಾರ್ಬೈಡ್ ಉಳಿಯದಂತೆ ಲೆಕ್ಕ ಹಾಕಿದ್ದಾರೆ. ಸವೆತ, ತಾಳಿಕೆ, ತುಕ್ಕು ಮೂರನ್ನೂ ಚೆನ್ನಾಗಿ ತೂಗಿಸಿದ ಉಕ್ಕು, ಹೊಗಳಿಕೆ ಸುಳ್ಳಲ್ಲ. ಆದರೆ ವೆನೇಡಿಯಂ ಇಲ್ಲೂ ಇದೆ, ಕಲ್ಲಿನ ತಕರಾರು ಇಲ್ಲೂ ಇದೆ. ಡೈಮಂಡ್ ಪ್ಲೇಟಿಗೆ ಮನಸ್ಸು ಮಾಡಿದರೆ ನಾನೂ ಎಇಬಿ-ಎಲ್ ಬಿಟ್ಟು ಇದಕ್ಕೇ ವಾಲುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು: ಹದ ಕೆಟ್ಟರೆ ಮೇಲಿನ ಅಷ್ಟೂ ಪಾಠ ನೀರಿನಲ್ಲಿ ಹೋಮ. ಎಇಬಿ-ಎಲ್ ಸುಮಾರು 1070 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಬೇಕು, ಗಾಳಿ ತಾಗದಂತೆ ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತಿರಬೇಕು, ಆಮೇಲೆ ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ತಣಿಸಬೇಕು. ತಣಿದ ಮೇಲೆ ಡ್ರೈ ಐಸ್ ಅಥವಾ ದ್ರವ ಸಾರಜನಕದಲ್ಲಿ ಇನ್ನಷ್ಟು ತಂಪು ಮಾಡಿದರೆ ಗಡಸು ಪೂರ್ತಿ ಬರುತ್ತದೆ, ಕೊನೆಗೆ 175–200 ಡಿಗ್ರಿಯಲ್ಲಿ ಎರಡು ಸಲ ಕಾಸಿ ಪೆಡಸು ಇಳಿಸುತ್ತಾರೆ. ಉಷ್ಣತೆ ಅಳೆದು ಹಿಡಿದಿಡುವ ವಿದ್ಯುತ್ ಕುಲುಮೆ ಇಲ್ಲದೆ ಇದು ಆಗುವ ಕೆಲಸವಲ್ಲ. ಆದ್ದರಿಂದ ಮಾಡಿಕೊಡುವವರನ್ನು ನೇರವಾಗಿ ಕೇಳಿ: ಹದ ನೀವೇ ಮಾಡುತ್ತೀರಾ, ಹೊರಗೆ ಕೊಡುತ್ತೀರಾ? ಎಷ್ಟು ಡಿಗ್ರಿ? ಗಡಸು ಅಳೆದು ನೋಡುತ್ತೀರಾ? ತಡವರಿಸದೆ ಉತ್ತರ ಬಂದರೆ ಸರಿ. ‘ಬಣ್ಣ ನೋಡಿ ಗೊತ್ತಾಗುತ್ತೆ’ ಅಂದರೆ ಅವರಿಂದ 1084ರಂಥ ಸರಳ ಕಾರ್ಬನ್ ಉಕ್ಕಿನ ಚಾಕು ಮಾಡಿಸಿ, ಸ್ಟೇನ್‌ಲೆಸ್ ಬೇಡ. ಹದ ಚೆನ್ನಾಗಿ ಬಂದ 1084 ಮುಂದೆ ಹದಗೆಟ್ಟ ಮ್ಯಾಗ್ನಾಕಟ್ ನಿಲ್ಲುವುದಿಲ್ಲ.

ಹದದ ನಂತರವೂ ಕೆಡಿಸಬಹುದು, ನಾನೇ ಕೆಡಿಸಿದ್ದೇನೆ. ಗ್ರೈಂಡರ್ ಬೆಲ್ಟಿಗೆ ಅಲಗು ಕೊಟ್ಟು ಬಾಯಿ ತೆಳ್ಳಗೆ ಮಾಡುವಾಗ ಗಮನ ತಪ್ಪಿತು, ತುದಿಯಲ್ಲಿ ನೀಲಿ ಬಣ್ಣ ಮೂಡಿತು. ಸಾದಾ ಕಾರ್ಬನ್ ಉಕ್ಕಿನಲ್ಲಿ ನೀಲಿ ಅಂದರೆ 300 ಡಿಗ್ರಿಯ ಆಸುಪಾಸು, 200ರಲ್ಲಿ ಕೂರಿಸಿದ ಹದ ಅಲ್ಲಿಗೆ ಮುಗಿಯಿತು. ಉಜ್ಜಿದರೆ ಬಣ್ಣ ಹೋಗುತ್ತದೆ, ಹೋದ ಗಡಸು ಬರುವುದಿಲ್ಲ. ಆ ಚಾಕುವಿನ ತುದಿ ಇವತ್ತಿಗೂ ಎರಡೇ ಕೊಯ್ತಕ್ಕೆ ಮಡಚಿಕೊಳ್ಳುತ್ತದೆ.

ಆಕಾರದ ಬಗ್ಗೆ ನೀವು ಕೇಳಿಲ್ಲ, ಆದರೆ ಕೊಯ್ಯುವ ಸುಖ ಉಕ್ಕಿಗಿಂತ ಹೆಚ್ಚಾಗಿ ಅದರಲ್ಲೇ ಇದೆ. ಬೆನ್ನು 3 ಮಿ.ಮೀ. ಸಾಕು, ಬಾಯಿಯ ಹಿಂದಿನ ದಪ್ಪ 0.4–0.5 ಮಿ.ಮೀ., ಸಾಣೆಯ ಕೋನ ಒಂದೊಂದು ಬದಿಗೆ 17–18 ಡಿಗ್ರಿ. 5 ಮಿ.ಮೀ. ಪಟ್ಟಿಯಲ್ಲಿ ಮಾಡಿದ ‘ಗಟ್ಟಿಮುಟ್ಟು’ ಚಾಕು ಸೌದೆ ಸೀಳಲು ಚೆನ್ನ. ಡಮಾಸ್ಕಸ್ (ಬೇರೆ ಬೇರೆ ಉಕ್ಕಿನ ಪದರ ಬೆಸೆದು ಚಿತ್ತಾರ ಮೂಡಿಸಿದ್ದು) ಹಾಕಿಸಲೇ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಕಣ್ಣಿಗೆ ಹಬ್ಬ, ಹಾಕಿಸಿ. ಅದರಿಂದ ಜಾಸ್ತಿ ಕೊಯ್ಯುತ್ತದೆ ಅಂತ ಮಾತ್ರ ಹಾಕಿಸಬೇಡಿ.

ಒರೆ ಚರ್ಮದ್ದೇ ಇರಲಿ ಅಂದರೆ ಅದರಲ್ಲಿ ಚಾಕು ಹೊತ್ತುಕೊಂಡು ಹೋಗಿ, ಮನೆಯಲ್ಲಿ ಹೊರಗೆ ತೆಗೆದಿಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಹದ ಮಾಡಿದಾಗಿನ ಲವಣವೂ ಅದರಲ್ಲಿ ಉಳಿದಿರುತ್ತದೆ. ಎಇಬಿ-ಎಲ್ ಕೂಡ ತಿಂಗಳುಗಟ್ಟಲೆ ಅದರೊಳಗೆ ಕೂತರೆ ಚುಕ್ಕಿ ಚುಕ್ಕಿ ತುಕ್ಕು ಕಾಣಿಸಿಕೊಳ್ಳಬಹುದು.