ಸಂಪಾದಕರ ಉತ್ತರ: ಕಾವಲು ಎಲ್ಲಿ ನಿಂತಿತ್ತು?

ಪ್ರಿಯ ಓದುಗರೇ,

2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕ್ ಮೇಲೆ ನಡೆಸಿದ ಆಕ್ರಮಣ ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ಪತ್ರ ತಲುಪಿತು. ಇತಿಹಾಸದ ವಿದ್ಯಾರ್ಥಿ ಎಂದು ಪರಿಚಯಿಸಿಕೊಂಡಿದ್ದೀರಿ. "ತೈಲಕ್ಕಾಗಿ ಯುದ್ಧ ಎಂಬುದು ಹಳಸಿದ ವಾದ. 2009ರ ತೈಲಕ್ಷೇತ್ರಗಳ ಹರಾಜಿನಲ್ಲಿ ಅಮೆರಿಕದ ಕಂಪನಿಗಳಿಗೆ ಸಿಕ್ಕಿದ್ದು ಅಲ್ಪ. ಮಿತ್ರಪಡೆಗಳು ಒಬ್ಬ ಸರ್ವಾಧಿಕಾರಿಯನ್ನು ಇಳಿಸಲು ಹೋದವು. ಇರಾಕಿನ ಅಸ್ತ್ರಗಳ ಬಗೆಗಿನ ಗೂಢಚರ ಮಾಹಿತಿ ತಪ್ಪಿರಬಹುದು, ಉದ್ದೇಶ ತಪ್ಪಿರಲಿಲ್ಲ" ಎಂಬುದು ನಿಮ್ಮ ವಾದ. ಸಿಟ್ಟಿನಿಂದ ಬರೆದಿದ್ದೀರಿ, ಆದರೆ ಓದಿಕೊಂಡು ಬರೆದಿದ್ದೀರಿ. ಅದಕ್ಕೇ ಈ ಉದ್ದದ ಉತ್ತರ.

ಸದ್ದಾಂ ಹುಸೇನ್ ಕ್ರೂರಿ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. 1988ರ ಮಾರ್ಚ್ 16ರಂದು ಹಲಬ್ಜಾದ ಕುರ್ದ್ ಜನರ ಮೇಲೆ ಆತನ ಪಡೆ ವಿಷಾನಿಲ ಸುರಿಯಿತು. ಸತ್ತವರು ಸುಮಾರು 5,000. ಆತ ಬಿದ್ದ ದಿನ ನಿಜವಾಗಿ ಸಂತೋಷಪಟ್ಟ ಇರಾಕಿಗಳು ಬಹಳ ಮಂದಿ. ಅವರ ಸಂತೋಷವನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ.

ಆದರೆ ಅದೇ ಸದ್ದಾಂನ ಕೈಕುಲುಕಲು 1983ರ ಡಿಸೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರ ದೂತರಾಗಿ ಬಾಗ್ದಾದ್‌ಗೆ ಹೋದವರು ಡೊನಾಲ್ಡ್ ರಮ್ಸ್‌ಫೆಲ್ಡ್. ಆಗ ಇರಾನ್ ವಿರುದ್ಧದ ಯುದ್ಧ ನಡೆದಿತ್ತು. ಇರಾಕ್ ಸೇನೆ ರಾಸಾಯನಿಕ ಅಸ್ತ್ರ ಬಳಸುತ್ತಿದ್ದುದು ವಾಷಿಂಗ್ಟನ್‌ಗೆ ತಿಳಿದಿತ್ತು. ಇಪ್ಪತ್ತು ವರ್ಷದ ನಂತರ ಅವರೇ ರಕ್ಷಣಾ ಕಾರ್ಯದರ್ಶಿಯಾಗಿ ಆ ಮನುಷ್ಯನನ್ನು ಇಳಿಸಲು ಸೈನ್ಯ ಕಳಿಸಿದರು. ಕ್ರೌರ್ಯವೇ ಕಾರಣವಾಗಿದ್ದರೆ ಆ ಕಾರಣ 1988ರಲ್ಲೇ ಇತ್ತು.

ನನ್ನ ಬಹುಕಾಲದ ನಂಬಿಕೆಯೊಂದನ್ನು ಇಲ್ಲಿ ಹೇಳಲೇಬೇಕು. ಪರದೇಶದ ಸೈನ್ಯವೊಂದು ಏಕೆ ಬಂತು ಎಂದು ತಿಳಿಯಬೇಕಾದರೆ ಅದರ ನಾಯಕರ ಮನಸ್ಸನ್ನು ಬಗೆಯುತ್ತ ಕೂರಬೇಡಿ, ಅವರ ಭಾಷಣವನ್ನೂ ಕೇಳಬೇಡಿ. ಮೊದಲ ವಾರ ಅದು ಎಲ್ಲೆಲ್ಲಿ ಕಾವಲು ಹಾಕಿತು, ಮೊದಲ ತಿಂಗಳುಗಳಲ್ಲಿ ಯಾವ ಆದೇಶಕ್ಕೆ ಸಹಿ ಹಾಕಿತು, ಅದನ್ನು ನೋಡಿ.

2003ರ ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಮರುದಿನವೇ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಲೂಟಿಕೋರರು ನುಗ್ಗಿದರು. ಮೂರು ದಿನ ಲೂಟಿ ನಡೆಯಿತು. ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂಜಿಯನ್ನು ಪೀಠದಿಂದ ಕಿತ್ತು ಒಯ್ದರು. ಕಳುವಾದದ್ದು ಸುಮಾರು 15,000 ವಸ್ತು. ಏಪ್ರಿಲ್ 14ರಂದು ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಆಸ್ಪತ್ರೆಗಳಿಂದ ಮಂಚಗಳನ್ನೂ ಹೊತ್ತೊಯ್ದರು. ಅದೇ ಊರಿನಲ್ಲಿ, ಅದೇ ದಿನಗಳಲ್ಲಿ, ತೈಲ ಸಚಿವಾಲಯದ ಮುಂದೆ ಅಮೆರಿಕದ ಸೈನಿಕರು ಕಾವಲಿದ್ದರು. ಲೂಟಿಯ ಬಗ್ಗೆ ಕೇಳಿದಾಗ ರಮ್ಸ್‌ಫೆಲ್ಡ್ ಅವರ ಉತ್ತರ, ಇಂಥವೆಲ್ಲ ಆಗುತ್ತವೆ ಎಂಬುದಾಗಿತ್ತು. ವಸ್ತುಸಂಗ್ರಹಾಲಯಕ್ಕೆ ಟ್ಯಾಂಕು ಬಂದದ್ದು ಏಪ್ರಿಲ್ 16ಕ್ಕೆ. ಇತಿಹಾಸದ ವಿದ್ಯಾರ್ಥಿಯಾದ ನೀವು ಈ ಒಂದು ವಾರವನ್ನು ಹಾರಿಸಿ 2009ರ ಹರಾಜಿಗೆ ಹೋದದ್ದು ನನಗೆ ಬೇಸರ ತಂದಿತು.

ಇನ್ನು ಆದೇಶಗಳು. ಅಮೆರಿಕ ನೇಮಿಸಿದ ಆಡಳಿತಾಧಿಕಾರಿಯಾಗಿ ಬಂದ ಪಾಲ್ ಬ್ರೆಮರ್ ಮೇ 23ರಂದು ಎರಡನೇ ಆದೇಶ ಹೊರಡಿಸಿ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಮಂದಿ ಕೈಯಲ್ಲಿ ಬಂದೂಕು ಇಟ್ಟುಕೊಂಡೇ ಕೆಲಸ ಕಳೆದುಕೊಂಡರು. ಸೆಪ್ಟೆಂಬರ್‌ನಲ್ಲಿ ಬಂದ 39ನೇ ಆದೇಶ, ಇರಾಕಿ ಉದ್ಯಮಗಳಲ್ಲಿ ವಿದೇಶಿಯರಿಗೆ ಶೇ 100ರಷ್ಟು ಒಡೆತನ ಕೊಟ್ಟಿತು. ಲಾಭವನ್ನು ಪೂರ್ತಿ ಹೊರಗೆ ಒಯ್ಯಲು ಬಿಟ್ಟಿತು. ಭೂಗರ್ಭದ ಸಂಪತ್ತು, ಬ್ಯಾಂಕು, ವಿಮೆಗಳನ್ನು ಅದರಿಂದ ಹೊರಗಿಟ್ಟಿದ್ದರು, ಅದನ್ನೂ ಹೇಳುತ್ತೇನೆ. ಆದರೆ ವಶಪಡಿಸಿಕೊಂಡ ದೇಶದ ಕಾನೂನನ್ನು ತೀರಾ ಅನಿವಾರ್ಯವಾಗದ ಹೊರತು ಮುಟ್ಟಬಾರದು ಎಂದು 1907ರ ಹೇಗ್ ನಿಯಮಗಳು ಹೇಳುತ್ತವೆ. ಇರಾಕಿಗಳಿಗೆ ಅಧಿಕಾರ ಹಸ್ತಾಂತರಿಸುವ ಒಂದು ದಿನ ಮುಂಚೆ, 2004ರ ಜೂನ್ 27ರಂದು, 17ನೇ ಆದೇಶವನ್ನು ಪರಿಷ್ಕರಿಸಿ ವಿದೇಶಿ ಗುತ್ತಿಗೆದಾರರು ಇರಾಕಿನ ಕಾನೂನಿಗೆ ಸಿಕ್ಕದಂತೆ ಮಾಡಿದರು. 2007ರ ಸೆಪ್ಟೆಂಬರ್ 16ರಂದು ಬಾಗ್ದಾದ್‌ನ ನಿಸೂರ್ ಚೌಕದಲ್ಲಿ ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಕಾವಲುಗಾರರು 17 ನಾಗರಿಕರನ್ನು ಗುಂಡಿಟ್ಟು ಕೊಂದಾಗ ಇರಾಕಿನ ಯಾವ ನ್ಯಾಯಾಲಯವೂ ಅವರನ್ನು ವಿಚಾರಿಸುವಂತಿರಲಿಲ್ಲ.

ನಿಮ್ಮ ಹರಾಜಿನ ವಾದಕ್ಕೆ ಬರುತ್ತೇನೆ. ರುಮೈಲಾ ತೈಲಕ್ಷೇತ್ರ ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಗೆ ಹೋಯಿತು, ನಿಜ. ಬ್ಯಾರೆಲ್‌ಗೆ 2 ಡಾಲರ್ ಕೂಲಿಯಷ್ಟೇ. ಆದರೆ ಅದಕ್ಕೂ ಮುಂಚೆ ಏನಾಯಿತು? 2007ರಲ್ಲಿ, ವಿದೇಶಿ ಕಂಪನಿಗಳಿಗೆ ಇರಾಕಿನ ತೈಲದ ಬಾಗಿಲು ತೆರೆಯುವ ಹೊಸ ತೈಲ ಕಾನೂನಿನ ಕರಡು ಸಿದ್ಧವಾಯಿತು. ಅದನ್ನು ಅಂಗೀಕರಿಸುವುದು ಇರಾಕ್ ಸರ್ಕಾರದ ಪ್ರಗತಿಯನ್ನು ಅಳೆಯುವ ಮಾನದಂಡಗಳಲ್ಲಿ ಒಂದು ಎಂದು ವಾಷಿಂಗ್ಟನ್ ಪಟ್ಟುಹಿಡಿಯಿತು. ಇರಾಕಿನ ಬಸ್ರಾ ನಗರದ ತೈಲ ಕಾರ್ಮಿಕರ ಸಂಘಟನೆ ಎದುರು ನಿಂತಿತು. ಸಂಸತ್ತು ಕೊನೆಗೂ ಅದನ್ನು ಅಂಗೀಕರಿಸಲಿಲ್ಲ. ಬಲೆಗೆ ಮೀನು ಬೀಳಲಿಲ್ಲ ಎಂದ ಮಾತ್ರಕ್ಕೆ ಬಲೆ ಬೀಸಿಯೇ ಇರಲಿಲ್ಲ ಎನ್ನಲಾಗದು. ಅಲ್ಲಿ ಬಲೆ ಹರಿದವರು ಇರಾಕಿಗಳು. ಆ ಶ್ರೇಯಸ್ಸನ್ನು ನೀವು ಬಂದವರ ನಿಸ್ವಾರ್ಥಕ್ಕೆ ಬರೆದುಕೊಟ್ಟಿದ್ದೀರಿ.

ತೈಲವೊಂದೇ ಕಾರಣ ಎಂದು ನಾನೂ ಹೇಳುವುದಿಲ್ಲ. ಉಪ ರಕ್ಷಣಾ ಕಾರ್ಯದರ್ಶಿಯಾಗಿದ್ದ ಪಾಲ್ ವುಲ್ಫೊವಿಟ್ಸ್ 2003ರ ಮೇ ತಿಂಗಳ ಸಂದರ್ಶನದಲ್ಲಿ, ಕಾರಣಗಳು ಹಲವಿದ್ದವು, ಎಲ್ಲರೂ ಒಪ್ಪಬಹುದಾದದ್ದು ಸಮೂಹ ನಾಶಕ ಅಸ್ತ್ರ ಎಂಬ ಒಂದೇ ವಿಷಯವಾದ್ದರಿಂದ ಅದನ್ನು ಮುಂದಿಟ್ಟೆವು ಎಂಬರ್ಥದಲ್ಲಿ ಹೇಳಿದರು. ಬ್ರಿಟನ್ ಪ್ರಧಾನಿ ಕಚೇರಿಯ 2002ರ ಜುಲೈ 23ರ ಸಭೆಯ ಟಿಪ್ಪಣಿಯಲ್ಲಿ, ನೀತಿಗೆ ಹೊಂದುವಂತೆ ಮಾಹಿತಿಯನ್ನು ಜೋಡಿಸಲಾಗುತ್ತಿದೆ ಎಂಬ ಮಾತಿದೆ. ಆಕ್ರಮಣಕ್ಕೆ ಇನ್ನೂ ಎಂಟು ತಿಂಗಳಿತ್ತು. ಮಾಹಿತಿ ತಾನಾಗಿ ತಪ್ಪಿದ್ದಲ್ಲ.

ಇನ್ನೂ ಹಿಂದೆ ಹೋಗಿ. 1917ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಿ ಸ್ಟ್ಯಾನ್ಲಿ ಮಾಡ್ ಬಾಗ್ದಾದ್ ಹೊಕ್ಕು, ನಾವು ಬಂದಿರುವುದು ಗೆದ್ದವರಾಗಿ ಅಲ್ಲ, ವಿಮೋಚಕರಾಗಿ ಎಂದು ಸಾರಿದ. ಅವನ ಸೈನ್ಯದಲ್ಲಿ ಬಹುಪಾಲು ಭಾರತದಿಂದ ಹೋದವರಿದ್ದರು. ಮೂರು ವರ್ಷದಲ್ಲಿ ಇರಾಕ್ ದಂಗೆ ಎದ್ದಿತು. 1927ರಲ್ಲಿ ಕಿರ್ಕುಕ್ ಬಳಿ ತೈಲ ಚಿಮ್ಮಿದಾಗ ಅದರ ಹಕ್ಕು ವಿದೇಶಿ ಕಂಪನಿಯ ಕೈಯಲ್ಲಿತ್ತು. ಇರಾಕ್ ಅದನ್ನು ರಾಷ್ಟ್ರೀಕರಿಸಿದ್ದು 1972ರಲ್ಲಿ. ವಿಮೋಚನೆ ಎಂಬ ಮಾತು ಬಾಗ್ದಾದ್‌ನ ಬೀದಿಗಳಲ್ಲಿ 2003ರಲ್ಲಿ ಹೊಸದಾಗಿರಲಿಲ್ಲ.

ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹೆಚ್ಚು ಚುಚ್ಚುವುದು ನಮ್ಮ ಕಸುಬು ಮಾಡಿದ ತಪ್ಪು. 2003ರ ಮಾರ್ಚ್ ತಿಂಗಳಲ್ಲಿ ನಾನು ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿದ್ದೆ. ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಗಳನ್ನು ಕನ್ನಡ ಮಾಡಿ ಪುಟಕ್ಕೆ ಬಿಡುವುದು ಕೆಲಸ. "ಬಾಗ್ದಾದ್‌ನತ್ತ ಮಿತ್ರಪಡೆ" ಎಂದು ತಲೆಬರಹ ಕೊಟ್ಟೆ. ಪಕ್ಕದ ಹಿರಿಯ ಉಪಸಂಪಾದಕರು ಅದನ್ನು ಓದಿ ಕೇಳಿದರು: "ಯಾರಿಗಪ್ಪಾ ಇವರು ಮಿತ್ರರು? ಬಸ್ರಾದವನಿಗಾ, ನಿನಗಾ?" ಆ ರಾತ್ರಿ ಅದು "ಅಮೆರಿಕ ಪಡೆ" ಆಯಿತು. ಮರುದಿನ ಮೇಲಿನಿಂದ ಸೂಚನೆ ಬಂತು: ಎಲ್ಲರೂ ಬರೆಯುವ ಹಾಗೆ ಬರೆಯಿರಿ. ಬರೆದೆವು. ಕಳವಿನ ಸುದ್ದಿಯಲ್ಲೂ "ಆರೋಪಿ" ಎಂದು ಎಚ್ಚರದಿಂದ ಬರೆಯುವ ನಾವು, ಯಾರೂ ಕಂಡಿರದ ಅಸ್ತ್ರಗಳಿಗೆ "ಎನ್ನಲಾದ" ಎಂಬ ಒಂದು ಪದವನ್ನೂ ಸೇರಿಸಲಿಲ್ಲ. ತನ್ನ ವರದಿಗಾರಿಕೆ ಸಾಕಷ್ಟು ಬಿಗಿಯಾಗಿರಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ಓದುಗರಿಗೆ ಹೇಳಿತು. ಕನ್ನಡದಲ್ಲಿ ಅಂಥ ಟಿಪ್ಪಣಿಯೊಂದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ನೀವು ಆಗ ಶಾಲೆಯ ಮೆಟ್ಟಿಲನ್ನೂ ಹತ್ತಿರಲಿಕ್ಕಿಲ್ಲ. ಈ ಪದಗಳನ್ನು ನಿಮ್ಮ ಕೈಗೆ ಕೊಟ್ಟವರು ನಾವು.

ನಿಮ್ಮ ಪತ್ರವನ್ನು ಇದೇ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಅಚ್ಚು ಮಾಡಿದ್ದೇವೆ. ಅದರಲ್ಲಿ ನಾಲ್ಕು ಕಡೆ "ಮಿತ್ರಪಡೆ" ಎಂದಿದೆ. ಆ ನಾಲ್ಕು ಕಡೆಯೂ ಬೇರೆ ಪದ ಇಟ್ಟು ಮತ್ತೊಮ್ಮೆ ಓದಿ. ಆಮೇಲೂ ನಿಮ್ಮ ವಾದ ನಿಂತರೆ ಬರೆಯಿರಿ. ಜಾಗ ಇಟ್ಟಿರುತ್ತೇನೆ.

-ಸಂಪಾದಕ